ಕಿಟಕಿ ಸಾಲು

ಸಾಹೇಬರು ಬರುವ ದಿನದ ಮಾತು ಬೇರೆ.
ಗೋಡೆಗೆಲ್ಲ ಚಾರ್ಟು, ಹುಡುಗರಿಗೆ ಮೊದಲೇ ಬಾಯಿಪಾಠ,
ಗೊತ್ತಿದ್ದವನು ಬಲಗೈ, ಗೊತ್ತಿಲ್ಲದವನು ಎಡಗೈ,
ಒಟ್ಟಿನಲ್ಲಿ ಎಲ್ಲರ ಕೈಯೂ ಮೇಲೆ.

ಇದು ಹಾಗಲ್ಲ.
ಗುರುಮಠಕಲ್ಲಿನ ನಮ್ಮ ಶಾಲೆ, ಎಂಟನೆಯ ಬಿ.
ಹಿಂದಿ ಕಲಿಸುವ ಶಂಶಾದ್ ಟೀಚರು
ತಾವಾಗಿ ಬಂದು ಕಡೆಯ ಬೆಂಚಿನಲ್ಲಿ ಕೂತರು,
ಮೊಣಕಾಲು ಹಿಡಿಸದೆ ಓರೆಯಾಗಿ,
ಕೈಯಲ್ಲೊಂದು ನೋಟುಬುಕ್ಕು, ಮೊಂಡು ಪೆನ್ಸಿಲ್ಲು.
"ನಿಮ್ಮ ಪಿರಿಯಡ್ ನಾ ನೋಡ್ತೀನ್ರಿ, ನಂದು ನೀವು ನೋಡ್ರಿ.
ಹೆಡ್ ಮಾಸ್ತರಿಗೆ ಹೇಳೂದು ಬ್ಯಾಡ."

ಅವತ್ತು ಗುಣಸಂಧಿ.
ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದೇನೆ,
ಅ ಮತ್ತು ಉ ಕೂಡಿ ಓ ಆಗುವಾಗ
ಎರಡು ಕೈ ಕೂಡಿಸಿ ಚಪ್ಪಾಳೆ ತಟ್ಟುತ್ತೇನೆ.
ಓ ಎಂದರು ಹುಡುಗರು ಒಂದೇ ಬಾಯಿಂದ,
ಫರಸಿ ನೆಲ ಗುಂಯ್ ಎಂದಿತು.
ನನ್ನ ಪಾಠ ನನಗೇ ಇಷ್ಟವಾಯಿತು.

ಚಹಾದ ಹೊತ್ತಿಗೆ ಪುಟ ತೋರಿಸಿದರು.
ಮೆಚ್ಚುಗೆ ಇಲ್ಲ, ಮಾರ್ಕ್ಸೂ ಇಲ್ಲ.
ಬೆಂಚಿಗೊಂದು ಚೌಕ,
ನಾನು ಪ್ರಶ್ನೆ ಕೇಳಿದ ಮಗುವಿಗೊಂದು ಚುಕ್ಕೆ.
ಮುಂದಿನೆರಡು ಸಾಲಿಗೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ.
ಕಿಟಕಿ ಸಾಲು ಮಾತ್ರ
ಕೂರಿಗೆ ತಪ್ಪಿದ ಸಾಲು,
ಒಂದು ಕಾಳೂ ಬಿದ್ದಿಲ್ಲ.
ಕೆಳಗೆ ಸಣ್ಣಗೆ: ಪ್ರಶ್ನೆಯಾದ ಮೇಲೆ ಸರ್ ಕಾಯುವುದು
ಎರಡೆಣಿಕೆ. ಆಮೇಲೆ ಉತ್ತರವೂ ಸರ್‌ದೇ.

ಸಿಟ್ಟು ಬಂತು. ಚಹಾ ಕೆನೆಗಟ್ಟಿತು.
ಹಿಂದಿಯವರಿಗೆ ಕನ್ನಡದ ಸಂಧಿ ಏನು ತಿಳಿದೀತು ಎಂದುಕೊಂಡೆ.
ಈ ಮಾತು ಅವರಿಗೆ ಈಗಲೂ ಹೇಳಿಲ್ಲ.

ಬುಧವಾರ ನನ್ನ ಸರದಿ.
ತಪ್ಪು ಹುಡುಕಲೆಂದೇ ಹೋದೆ, ಸಿಕ್ಕಿತು:
ಬೋರ್ಡಿನ ಕಡೆ ತಿರುಗಿ ಮಾತಾಡುತ್ತಾರೆ,
ಅರ್ಧ ವಾಕ್ಯ ಫ್ಯಾನಿನ ಕಟಕಟಕ್ಕೆ ತುತ್ತು.
ಬರೆದುಕೊಂಡು ತಲೆಯೆತ್ತಿದೆ.

ಅದೇ ಕೋಣೆ, ಅದೇ ಎಂಟನೆಯ ಬಿ,
ಕೂತದ್ದು ಕಿಟಕಿ ಸಾಲಿನ ಕೊನೆಗೆ, ಅಂಜಿಲಮ್ಮನ ಪಕ್ಕ.
ಬಿಸಿಲು ಬಡಿದು
ಕರಿ ಹಲಗೆ ಬರೀ ಬಿಳಿ ತಗಡು.
ಅಂಜಿಲಮ್ಮ ಮುಂದಿನವಳ ಪುಟ ನೋಡಿ ಬರೆಯುತ್ತಿದ್ದಳು,
ಅವಳು ತನ್ನ ಮುಂದಿನವಳದು.
ಮೂರು ಬೆಂಚು ದಾಟುವಷ್ಟರಲ್ಲಿ ಹಿಂದಿ ಅಕ್ಷರಕ್ಕೆ
ಮೇಲ್ಗೆರೆಯೇ ಉಳಿದಿರಲಿಲ್ಲ.

ಈ ಕೋಣೆಯಲ್ಲಿ ನಾನು ಯಾವತ್ತೂ ಕೂತಿರಲಿಲ್ಲ.

ಮತದಾನ ಜಾಗೃತಿಯ ಹಳೆ ಬ್ಯಾನರು ಸಿಕ್ಕಿತು.
ಆ ತುದಿ ಅವರು, ಈ ತುದಿ ನಾನು,
ಕಿಟಕಿಗೆ ಕಟ್ಟಿದ ಮೇಲೆ ನೋಡಿದರೆ ತಲೆಕೆಳಗು.
"ಬೋರ್ಡಿಗೆ ಬೆನ್ನು ಮಾಡಿ ಮಾತಾಡ್ರಿ" ಅಂದೆ.
"ಕೇಳಿದ ಮ್ಯಾಲೆ ನೀವು ಬಾಯಿಗೆ ಕೀಲಿ ಹಾಕ್ರಿ" ಅಂದರು.

ಅಂಜಿಲಮ್ಮನ ಮನೆಮಾತು ತೆಲುಗು.
ನನ್ನ ಪ್ರಶ್ನೆ ಗಡಿ ದಾಟಿ ಹೋಗಿ
ಅವ್ವನ ಮಾತಿನಲ್ಲಿ ಕೂತೆದ್ದು
ಮರಳಿ ಬರಬೇಕು.
ಎರಡೆಣಿಕೆಗೆ ಅದು ಬಸ್ ಸ್ಟ್ಯಾಂಡೂ ಮುಟ್ಟುವುದಿಲ್ಲ.

ಕೇಳಿದೆ. ಕಾದೆ.
ಐದು, ಆರು.
ಮುಂದಿನ ಬೆಂಚಿನವರಿಗೆ ಚಡಪಡಿಕೆ,
ನನ್ನ ನಾಲಗೆಯ ಮೇಲೆ ಉತ್ತರ ಹಸಿ ಮೆಣಸಿನಕಾಯಿ.
ಒಂಬತ್ತು.
ಅವಳು ಎದ್ದಳು, ವೇಲು ಸರಿಮಾಡಿಕೊಂಡಳು.
"ಸರ್, ಇನ್ನೊಮ್ಮಿ ಕೇಳ್ರಿ."

ಕಡೆಯ ಬೆಂಚಿನ ಪೆನ್ಸಿಲ್ಲು
ಇದಕ್ಕೆ ಚುಕ್ಕೆಯೋ ಬೇರೇನೋ ಎಂದು ತಿಳಿಯದೆ
ತುಸು ಹೊತ್ತು ಹಾಗೇ ನಿಂತಿತ್ತು.