ನಾಲ್ಕು ಟ್ಯೂಬುಗಳ ಮೇಲಿನ ಮೇಜು

ಕೋಡಿಬಾಗದ ನಮ್ಮ ಪ್ರಯೋಗಶಾಲೆಯಲ್ಲಿ
ಮೇಜಿನ ಕಾಲುಗಳ ಕೆಳಗೆ ನಾಲ್ಕು ಸ್ಕೂಟರ್ ಟ್ಯೂಬು.
ಮಕ್ಬೂಲರ ಪಂಕ್ಚರ್ ಅಂಗಡಿಯಿಂದ ನಾನೇ ತಂದದ್ದು.
ಹೆದ್ದಾರಿಯಲ್ಲಿ ಲಾರಿ ಹಾದಾಗಲೆಲ್ಲ
ಸೂಕ್ಷ್ಮದರ್ಶಕದೊಳಗಿನ ಗುಳ್ಳೆ ಬೆಚ್ಚುತ್ತಿತ್ತು.
ಲಾರಿಯ ನಡುಕ ಎಷ್ಟು, ಗುಳ್ಳೆಯದು ಎಷ್ಟು,
ಬೇರೆ ಮಾಡಬೇಕಿತ್ತಲ್ಲ.

ಗುಳ್ಳೆ ಅಂದರೆ ಸೋಪಿನದೆಂದುಕೊಳ್ಳಬೇಡಿ.
ತಲೆಯನ್ನು ನೀರಿಗೆ ಕೊಟ್ಟು, ಬಾಲ ಬಚ್ಚಿಟ್ಟುಕೊಂಡ
ಕೊಬ್ಬಿನ ಅಣುಗಳ ಎರಡೇ ಎರಡು ಸಾಲು.
ಜೀವಕೋಶದ ಚರ್ಮ, ಜೀವ ಮಾತ್ರ ಇಲ್ಲ,
ಒಳಗೆ ಯಾರೂ ಇಲ್ಲದ ಅಂಗಿ.
ಆದರೂ ನಡುಗುತ್ತದೆ.
ಬೆಳಗಿನ ಹೊತ್ತು ಅಳಿವೆಯ ನೀರ ಮೇಲೆ ಇರುತ್ತದಲ್ಲ,
ಗಾಳಿಯೂ ಅನ್ನಲಾಗದ, ಅಲೆಯೂ ಅನ್ನಲಾಗದ
ಅಂಥದೊಂದು.

ಹೆಚ್ಚು ನಡುಗಿದರೆ ಮೆತ್ತಗೆ,
ಕಡಿಮೆ ನಡುಗಿದರೆ ಬಿಗಿ.
"ಅಂಚು ನೋಡು ವೈಜು, ಅಂಚು ಮಾತ್ರ"
ಅನ್ನುತ್ತಾರೆ ಡಾಕ್ಟರ್ ಕುರ್ಡೇಕರ.
ಸಾವಿರ ಚಿತ್ರ, ಸಾವಿರ ಅಂಚು.
ಕಂಪ್ಯೂಟರು ಗೆರೆ ಎಳೆಯುತ್ತದೆ,
ನಾನು ಮುಂದಿನ ಹನಿ ಬಿಡುತ್ತೇನೆ.

ಮೊದಲು ಸಕ್ಕರೆ.
ಆಮೇಲೆ ಮೋರಿ ಮೀನು ಮೈತುಂಬ ಹೊತ್ತು ತಿರುಗುವ ಯೂರಿಯಾ.
ಆಮೇಲೆ ದಣಿದ ಸ್ನಾಯು ಬಿಟ್ಟುಕೊಡುವ ಹುಳಿ,
ಮೊಸರಿನಲ್ಲೂ ಇರುವ ಅದೇ ಹುಳಿ.
ಗೋಡೆ ಕಟ್ಟುವ ಅಣುಗಳಲ್ಲ ಇವು.
ಉಂಡು, ಉರಿದು, ಉಳಿದ ಚೂರುಗಳು,
ಬಚ್ಚಲಲ್ಲಿ ಹರಿದುಹೋಗುವಂಥವು.
ಅಂಥದೊಂದು ಬಂದು ಪದರದ ಪಕ್ಕ ನಿಂತರೆ,
ಮುಟ್ಟಿತೋ ಇಲ್ಲವೋ ಗೊತ್ತಾಗದ ಹಾಗೆ ಸುಮ್ಮನೆ ನಿಂತರೆ,
ಆ ದಿನ ಅಂಚು ಸಡಿಲವಾದಂತೆ ಕಂಡಿತು.
ನಾನು ಮೊದಲು ಬಗ್ಗಿ ಟ್ಯೂಬಿನ ಗಾಳಿ ನೋಡಿದೆ.

ಆಯಿ ಕಾಳಿಯ ಅಳಿವೆಯಲ್ಲಿ ತಿಸ್ರೆ ಹೆಕ್ಕುವವಳು.
ಇಳಿತದ ಹೊತ್ತು ಎದೆಮಟ್ಟ ನೀರಲ್ಲಿ ನಿಂತು
ಕಾಲ್ಬೆರಳಲ್ಲೇ ಹುಡುಕುತ್ತಾಳೆ,
ಕತ್ತಲೆಯಲ್ಲಿ ಬೆಂಕಿಪೊಟ್ಟಣ ಹುಡುಕುವ ಹಾಗೆ.
"ದಿನವಿಡೀ ಕಣ್ಣಿಟ್ಟು ನೋಡೂದು ಏನೇ ಅದು?"
ಹೇಳಿದೆ:
ಆಯಿ, ಕಾಲು ಸೋತಾಗ ಒಳಗೆ ಹುಟ್ಟುತ್ತದಲ್ಲ ಹುಳಿ,
ಅದು ಕೋಶದ ಚರ್ಮವನ್ನ ಮೆತ್ತಗೆ ಮಾಡ್ತದೋ ಏನೋ ಅಂತ.
ಅವಳು ಸೀರೆ ಮೊಣಕಾಲಿಗೆತ್ತಿ ಮೀನಖಂಡ ಚಾಚಿದಳು.
"ಮೆತ್ತಗೆ? ಮುಟ್ಟಿ ನೋಡು."
ಕಲ್ಲು.
ಎಣ್ಣೆ ತಿಕ್ಕುತ್ತಾ ಕೂತೆ.
ಗುಳ್ಳೆಗೆ ಕಾಲಿಲ್ಲ, ಅದನ್ನು ಬರೆದುಕೊಳ್ಳಬೇಕು.

ತಿಸ್ರೆಯ ಲೆಕ್ಕ ಬೇರೆ.
ಜೂನಿನಲ್ಲಿ ಕಾಳಿ ಕೆಂಪಗೆ ಇಳಿದು ಬಂದಾಗ
ಉಪ್ಪುನೀರು ನೋಡನೋಡುತ್ತ ಸಿಹಿಯಾಗುತ್ತದೆ.
ಚಿಪ್ಪು ಮುಚ್ಚಿಕೊಂಡು ಎಷ್ಟು ದಿನ?
ಕೋಶಗಳು ಉಬ್ಬಿ ಒಡೆಯದಿರಲೆಂದು
ಕೂಡಿಟ್ಟ ಪುಟ್ಟ ಅಣುಗಳನ್ನೇ ಹೊರಗೆ ಬಿಡುತ್ತದೆ,
ಬಿರುಗಾಳಿಗೆ ದೋಣಿಯವರು ಸರಕು ಚೆಲ್ಲುವ ಹಾಗೆ.
ಡಾಕ್ಟರು ಇದನ್ನು ಹಲಗೆಯ ಮೇಲೆ ಬರೆದು ಒಂದು ಗಂಟೆ ವಿವರಿಸಿದರು.
ಆಯಿ ಒಲೆಯ ಮುಂದೆ ಹೇಳಿದ್ದು:
"ಮಳೆ ಬಿದ್ದ ಮೇಲಿನ ತಿಸ್ರೆ ಸಪ್ಪೆ.
ಕಾಯಿ ಜಾಸ್ತಿ ಹಾಕು."

ಹಳೆಯ ಸೇತುವೆ ಕುಸಿದ ರಾತ್ರಿ
ಅವಳೇ ಮೊದಲು ಎದ್ದು ಕೂತದ್ದು.
ದೋಣಿಯವರು ಹೋಗಿ ಲಾರಿಯವನನ್ನು ಎತ್ತಿ ತಂದರು.
ಬೆಳಿಗ್ಗೆ ನೋಡಿದರೆ ನದಿಯಲ್ಲಿ ಮುರಿದ ಕಾಂಕ್ರೀಟು,
ಮೇಲೊಂದು ಕೊಕ್ಕರೆ.
ಎಷ್ಟು ವರ್ಷ ಅದರ ಮೇಲೆ ಬಸ್ಸಿನಲ್ಲಿ ಹೋಗಿದ್ದೆ,
ಕಿಟಕಿಗೆ ಹಣೆ ಆನಿಸಿ.
ನಡುಗುತ್ತಿತ್ತಾ?
ನೆನಪಾಗುತ್ತಿಲ್ಲ.

ಇವತ್ತು ನಲವತ್ತೊಂದನೆಯ ಗುಳ್ಳೆ.
ಹುಳಿ ಬೆರೆಸಿದ್ದಕ್ಕೂ ಬೆರೆಸದ್ದಕ್ಕೂ ವ್ಯತ್ಯಾಸ ಇದೆ,
ಇಲ್ಲವೆನ್ನುವಷ್ಟು ಇದೆ.
ಡಾಕ್ಟರು ಕನ್ನಡಕ ತೆಗೆದು ಒರೆಸಿ
"ಇನ್ನೊಂದು ಇಪ್ಪತ್ತು ಮಾಡೋಣ" ಅಂದರು.
ಅಷ್ಟರಲ್ಲಿ ಕರೆಂಟು ಹೋಯಿತು.
ಪರದೆ ಕಪ್ಪು.
ಗಾಜಿನ ನಡುವೆ, ಬೆಳಕಿಲ್ಲದೆ,
ಯಾರೂ ಎಣಿಸದ ಆ ಅಂಚು
ನಡುಗುತ್ತಲೇ ಇರಬೇಕು ಈಗಲೂ.

ಟಾರ್ಚ್ ಹಿಡಿದು ಮೇಜಿನ ಕೆಳಗೆ ಹೋದೆ.
ಎಡಗಡೆಯ ಹಿಂದಿನ ಟ್ಯೂಬು ಮೆತ್ತಗಾಗಿದೆ.
ಯಾವಾಗಿನಿಂದ?
ನಾಳೆ ಪಂಪು ತರಬೇಕು.