ಎರಡು ಇದ್ದಲು ಬೆಂಕಿ

ನ್‌ಖಾಟಾ ಬೇ ದಂಡೆಯಲ್ಲಿ ಬೆಳಗಿನ ಜಾವ,
ಸರೋವರದ ಮೇಲೆ ದೋಣಿಗಳ ಲಾಂದ್ರ
ಒಂದೊಂದಾಗಿ ಆರುವ ಹೊತ್ತಿಗೆ
ನಾನು ಇದ್ದಲು ಹಚ್ಚುತ್ತೇನೆ.
ಹೆಸರು ತೊವೇರಾ. ಮೀನು ಸುಟ್ಟು ಮಾರುವವಳು.
ಸುವಾರ್ತೆಯಲ್ಲಿ ನನಗೆ ಪೂರ್ತಿ ತಿಳಿಯುವುದು ಒಂದೇ ಅಧ್ಯಾಯ:
ಅದರಲ್ಲಿ ಕರ್ತನು ನನ್ನ ಕಸುಬು ಮಾಡುತ್ತಾನೆ.

ಕಳೆದ ಭಾನುವಾರ ಸಭಾಪಾಲಕರು
ನೂರ ಐವತ್ಮೂರು ಮೀನಿಗೆ ಅಷ್ಟೇ ಅರ್ಥ ಹೇಳುತ್ತಿದ್ದರು.
ಹಿಂದಿನ ಬೆಂಚಿನಲ್ಲಿ ನನ್ನ ಗಂಡ ಕಿಸಕ್ಕೆಂದ:
"ಎಣಿಸದೆ ಇನ್ನೇನು ಮಾಡುತ್ತಾರೆ?
ದೋಣಿಯವನ ಪಾಲು, ಬಲೆಯವನ ಪಾಲು,
ರಾತ್ರಿಯೆಲ್ಲ ದೀಪ ಹಿಡಿದ ಹುಡುಗನ ಪಾಲು.
ಪವಾಡವಾದರೂ ಪಾಲು ಪಾಲೇ."
ನನಗೂ ನಗು ಬಂತು.
ಆದರೆ ಮನಸ್ಸು ಸಿಕ್ಕಿಕೊಂಡದ್ದು ಬೇರೆ ಕಡೆ:
ಪೇತ್ರ ನೀರಿಗೆ ಹಾರುವ ಮೊದಲು ಅಂಗಿ ತೊಟ್ಟ.

ನಮ್ಮ ಹುಡುಗರು ಕಳಚಿ ಹಾರುತ್ತಾರೆ.
ತೊಟ್ಟು ಹಾರಿದವನನ್ನು ನಾನು ಕಂಡೇ ಇಲ್ಲ.
ಎದುರಿಗೆ ಹೋಗಲು ಒಂದು ಗಳಿಗೆ ತಡೆಯಲಾರ,
ಬರಿಮೈಯಲ್ಲಿ ಎದುರಿಗೆ ನಿಲ್ಲಲಾರ.
ಅವನ ಅವಸರ ನನಗೆ ಗೊತ್ತು. ನಾಚಿಕೆಯೂ ಗೊತ್ತು.

ಯಾಕೆಂದರೆ ಅದಕ್ಕೂ ಮುಂಚೆ ಇನ್ನೊಂದು ಬೆಂಕಿಯಿತ್ತು,
ಅದೂ ಇದ್ದಲಿನದೇ,
ಯಾರದೋ ಅಂಗಳದಲ್ಲಿ, ಚಳಿಯಲ್ಲಿ, ಆಳುಗಳ ನಡುವೆ.

ನನ್ನದು ಜೂನ್ ತಿಂಗಳು, ಮ್ವೇರಾ ಗಾಳಿ ಬೀಸುವಾಗ.
ಸಾಲದ ಕಂಪನಿಯವರು ಪಿಕಪ್ಪಿನಲ್ಲಿ ಬಂದು
ತೆಮ್ವಾಳ ಹೊಲಿಗೆ ಮೆಷಿನು, ಎರಡು ಪಾತ್ರೆ, ಹಾಸಿಗೆ ಹೇರಿದರು.
ಆಮೇಲೆ ನನ್ನ ಒಲೆಗೆ ಕೈಯೊಡ್ಡಿ ಒಬ್ಬ ಕೇಳಿದ:
"ನೀನೂ ಅವಳ ಗುಂಪಿನವಳಲ್ಲವೇ?"
ಬರೀ ಪಕ್ಕದ ಮನೆ, ಎಂದೆ.
"ಜಾಮೀನು ಕಾಗದದಲ್ಲಿ ಇನ್ನೊಂದು ಹೆಬ್ಬೆಟ್ಟಿದೆ."
ನನ್ನದಲ್ಲ, ಎಂದೆ.
ಮೂರನೆಯದನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಅದಕ್ಕೂ ಉತ್ತರ ಸಿದ್ಧವಿತ್ತು.
ತೆಮ್ವಾ ಗಾಡಿಯ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.
ಕೋಳಿ ಕೂಗಿತೇ ಎಂದು ಕೇಳಬೇಡಿ,
ಈ ಊರಿನ ಕೋಳಿಗಳಿಗೆ ಹೊತ್ತುಗೊತ್ತಿಲ್ಲ.
ನಾನು ಮಾತ್ರ ಹೆಬ್ಬೆಟ್ಟನ್ನು ಇದ್ದಲ ಮಸಿಗೆ ಒತ್ತಿ
ಅವರು ಹೋಗುವ ತನಕ ನಿಂತಿದ್ದೆ.

ಆರು ವರ್ಷ ಅವಳು ಮ್ಜೂಜೂ ಪೇಟೆಯಲ್ಲಿ
ಬೇರೆಯವರ ಬಟ್ಟೆ ಒಗೆದಳಂತೆ.
ಇತ್ತ ನಾನು ಮೊಣಕಾಲೂರಿ
ದೇವರೊಡನೆ ವಿಷಯ ಮಾತಾಡಿ ಮುಗಿಸಿದ್ದೆ.
ಹೊಟ್ಟೆಗೆ ಹಾಕಿಕೋ ತಂದೆ, ಎಂದೆ. ಹಾಕಿಕೊಂಡಿರಬೇಕು,
ಅವನ ಹೊಟ್ಟೆ ದೊಡ್ಡದು.
ಆದರೆ ಹಸಿದವಳು ಅವಳು.

ನಿನ್ನೆ ಬಂದಳು. ಕೂದಲು ನೆರೆತಿದೆ,
ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಕಟ್ಟಿದ ಮೊಮ್ಮಗಳು.
"ಮೀನಿದೆಯಾ?" ಎಂದಳು,
ಮೊನ್ನೆ ತಾನೇ ಕೊಂಡುಹೋದವಳ ಹಾಗೆ.
ಆರು ವರ್ಷ ಜೋಡಿಸಿಟ್ಟ ಮಾತು ನಾಲಿಗೆಗೆ ಬರಲಿಲ್ಲ.
ಹೊಗೆ ಕಣ್ಣಿಗೆ ಹೋಯಿತು, ಅದೊಂದು ಉಪಕಾರ.
ದೊಡ್ಡದು ನೋಡಿ ಮೂರು ಎತ್ತಿಟ್ಟೆ, ಮೇಲೊಂದು ಇಟ್ಟೆ.
"ಸರಿಯಾಗಿ ಎಣಿಸು,"
ಮೇಲಿನದನ್ನು ಅವಳು ತಿರುಗಿ ತಟ್ಟೆಗೆ ಹಾಕಿದಳು.

ದಂಡೆಯ ಆ ಬೆಂಕಿಯ ಬಳಿ ಕರ್ತನು
ಕ್ಷಮಿಸಿದ್ದೇನೆ ಎಂಬ ಮಾತನ್ನೇ ಆಡಿಲ್ಲ.
ಬೆರಳಿಟ್ಟು ಹುಡುಕಿ ನೋಡಿದ್ದೇನೆ.
ಮೊದಲು ತಿನ್ನಲು ಕೊಟ್ಟ.
ಆಮೇಲೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದ.
ಪೇತ್ರನಿಗೆ ನೋವಾಯಿತು ಎಂದು ಬರೆದಿದೆ;
ಬರೆದವನ ಹೊಟ್ಟೆ ತಣ್ಣಗಿರಲಿ.

ತೆಮ್ವಾ ಬೆನ್ನಿನ ಗಂಟು ಬಿಚ್ಚಿದಳು.
"ಒಂದು ಕೊಡ ನೀರು ತರುತ್ತೇನೆ, ಇವಳನ್ನು ಹಿಡಿದುಕೋ,"
ಎಂದಳು, ನನ್ನ ಮುಖ ನೋಡದೆ.
"ಹಸಿದಿದ್ದಾಳೆ. ಮುಳ್ಳು ನೋಡಿ ತೆಗೆ."

ತೆಗೆಯುತ್ತಾ ಕೂತೆ,
ಒಂದೊಂದಾಗಿ, ಮಸಿ ಹಿಡಿದ ಅದೇ ಹೆಬ್ಬೆಟ್ಟಿನಿಂದ.
ಮಗು ಬಾಯಿ ತೆರೆಯಿತು.