ಎಡಗೈ ಮೊದಲು

ಎಡಗೈ ಮೊದಲು, ಹೊನ್ನೂರಮ್ಮ.
ರವಿಕೆಯ ತೋಳಿಗೆ ಸೆಟೆದ ಕೈ ಮೊದಲು,
ಮಾತು ಕೇಳುವ ಕೈ ಆಮೇಲೆ.
ಬಿಚ್ಚುವಾಗ ಉಲ್ಟಾ.

ಅವಳು ನಗುತ್ತಾಳೆ: "ಹದಿನಾರು ವರ್ಸ
ಮಂಡಕ್ಕಿ ಭಟ್ಟೀಲಿ ಉಸುಕು ಕಾಸೀನಿ ಅಕ್ಕಾ,
ಹಿಂಗ್ ಕುಂದ್ರಿಸಿ ಹೇಳಿಕೊಟ್ಟೋರಿಲ್ಲ.
ಕೈ ಸುಟ್ಟ ಮ್ಯಾಲೆ ಕಲ್ತಿದ್ದು."

ಹೇಳಿಕೊಡುವುದು ನನಗೂ ಹೊಸದು.
ಬಿದ್ದ ಮೇಲಿನ ಆರು ವರ್ಷ
ನನ್ನ ಬಗೆಗಿನ ಮಾತು ನನ್ನ ತಲೆಯ ಮೇಲೇ
ಫ್ಯಾನಿನ ಗಾಳಿಯಂತೆ ತಿರುಗುತ್ತಿತ್ತು.
"ಇವಳ್ದು ಊಟ ಆಯ್ತಾ?"
ಬಂದವರು ಅತ್ತಿಗೆಯನ್ನು ಕೇಳುವರು.
ನನ್ನ ಬಾಯಿ ಅಲ್ಲೇ ಇರುತ್ತಿತ್ತು, ಎರಡಡಿ ದೂರ.

ಅಣ್ಣ ಕೆಟ್ಟವನಲ್ಲ.
ಒಂಬತ್ತಕ್ಕೆ ಎತ್ತಿ ಮಲಗಿಸುತ್ತಿದ್ದ,
ಅವನಿಗೆ ನಿದ್ದೆ ಬರುವ ಹೊತ್ತು ಅದು.
ನನಗೆ ಬರುತ್ತಿದ್ದುದು ಹನ್ನೊಂದೂವರೆಗೆ.
ನಡುವಿನ ಎರಡೂವರೆ ತಾಸು
ದಾವಣಗೆರೆಯ ಕತ್ತಲೆಯಲ್ಲಿ ರೈಲ್ವೆ ಗೇಟು
ಬೀಳುವ ಗಂಟೆ, ಏಳುವ ಕಿರುಗುಟ್ಟು
ಎಣಿಸುತ್ತಿದ್ದೆ.

ಗಾಲಿಕುರ್ಚಿ ರಿಪೇರಿಗೆ ಬಂದ ಶಫೀವುಲ್ಲಾ,
ಅವನೂ ಕ್ಯಾಲಿಪರ್ ಕಾಲಿನವನೇ,
ಸ್ಪೋಕು ಬಿಗಿಯುತ್ತ ಕೇಳಿದ:
"ಪಾಸ್‌ಬುಕ್ ಯಾರ ಹತ್ರ ಐತಿ?"
ಬೇರೇನೂ ಕೇಳಲಿಲ್ಲ. ಬ್ರೇಕಿಗೆ ಎಣ್ಣೆ ಬಿಟ್ಟು ಹೋದ.
ಆ ರಾತ್ರಿ ಗೇಟು ಎಷ್ಟು ಸಲ ಬಿತ್ತೋ ಗೊತ್ತಿಲ್ಲ.

ಪಾಸ್‌ಬುಕ್ಕು ಬಂತು. ಮಾತೂ ಬಂತು.
ಹದಿನೈದು ದಿನ ಅತ್ತಿಗೆ
ತಟ್ಟೆ ಇಟ್ಟದ್ದು ಸದ್ದು ಮಾಡಿಯೇ.

ಮೊದಲು ಇಟ್ಟುಕೊಂಡ ಹುಡುಗಿಯನ್ನು ನಾನೇ ಬಿಡಿಸಿದೆ:
ನೀರಿನ ಬಿಸಿ ತನ್ನ ಕೈಗೆ ನೋಡಿಕೊಂಡು
ನನ್ನ ಕೇಳದೆ ಸುರಿದಳೆಂದು, ಮೂರು ಸಲ.
"ನಾಳೆಯಿಂದ ಬರಬೇಡ" ಅನ್ನುವಾಗ ಗಂಟಲು ನಡುಗಿತು.
ಸೇರಿಸಿಕೊಳ್ಳುವುದು ಸುಲಭ.
ತೆಗೆಯುವಾಗಲೇ ತಿಳಿದದ್ದು ನಾನು ಯಜಮಾನಿಯೆಂದು,
ಅವಳಿಗೂ ಒಂದು ಒಲೆಯಿದೆಯೆಂದು.

ಆಮೇಲೆ ಆ ಬುಧವಾರ.
ಹೊನ್ನೂರಮ್ಮನ ಮಗಳಿಗೆ ಹೆರಿಗೆ ನೋವು,
ಅವಳ ಫೋನು ಸತ್ತಿತ್ತು, ಅಣ್ಣ ಹರಿಹರದಲ್ಲಿ.
ಹನ್ನೊಂದರ ತನಕ ಒದ್ದೆಯಲ್ಲಿ ಮಲಗಿ
ನನ್ನ ಕಾರುಬಾರು ಅಂದರೆ ಇಷ್ಟೇನಾ ಅಂದುಕೊಂಡೆ.
ತರಕಾರಿ ಚೀಲ ಹಿಡಿದು ಬಂದ ಅತ್ತಿಗೆ
ಬಾಗಿಲಲ್ಲಿ ನಿಂತಳು. "ನಾ ಹೇಳಿರ್ಲಿಲ್ವಾ" ಅನ್ನಲಿಲ್ಲ.
ಚೀಲ ಇಳಿಸಿ ಸೀರೆ ಬದಲಾಯಿಸಿದಳು.
ರವಿಕೆಗೆ ಬಲಗೈ ಮೊದಲು ಹಾಕಿದಳು. ನೋಯಿತು.
ನಾನೂ ಏನೂ ಅನ್ನಲಿಲ್ಲ.

ಅದಕ್ಕೇ ಈ ಹಾಜರಿ ಪುಸ್ತಕ.
ಶಫೀವುಲ್ಲಾನ ಅಂಗಡಿಯ ಹಿಂದೆ,
ಭಟ್ಟಿಯ ಹೊಗೆ ಬಂದು ಕೂರುವ ಖೋಲಿಯಲ್ಲಿ
ಗುರುವಾರಕ್ಕೊಮ್ಮೆ ಏಳು ಜನ.
ಕಣ್ಣು ಕಾಣದ ರುದ್ರಮುನಿಯ ಬಾಯಲ್ಲಿ ಲೆಕ್ಕ,
ಪೈಸೆ ತಪ್ಪುವುದಿಲ್ಲ.
ಮಾತು ತಡೆತಡೆದು ಬರುವ ಚೌಡಕ್ಕನ ವಾಕ್ಯ
ಮುಗಿಯುವ ತನಕ ಕಾಯುತ್ತೇವೆ, ಚಹಾ ಆರಿದರೂ.
ಯಾರೂ ಅದನ್ನು ಪೂರ್ತಿ ಮಾಡಿಕೊಡುವುದಿಲ್ಲ.
ಸಂಬಳ ಎಷ್ಟು, ರಜೆ ಯಾವತ್ತು,
ಅವರ ಮನೆಯಲ್ಲಿ ಜ್ವರ ಬಂದರೆ ದುಡ್ಡು ಹಿಡಿಯಬೇಕೋ ಬೇಡವೋ
(ಇದಕ್ಕೆ ಮೂರು ಗುರುವಾರ ಜಗಳ; ಬೇಡ ಅಂದಳು ಚೌಡಕ್ಕ),
ಒಬ್ಬರು ಬರದಿದ್ದರೆ ಯಾರಿಗೆ ಫೋನು,
ಅವರೂ ಎತ್ತದಿದ್ದರೆ?

ನನ್ನ ಪುಟದಲ್ಲಿ ಮೂರನೆಯ ಹೆಸರಿನ ಜಾಗ ಖಾಲಿ.
ಅತ್ತಿಗೆಯನ್ನು ಕೇಳಬೇಕು,
ಋಣವೆಂದಲ್ಲ, ಕೆಲಸವೆಂದು, ತಾಸಿನ ಲೆಕ್ಕ ಹೇಳಿ.
ಎರಡು ಸಲ ಬಾಯಿ ತೆರೆದೆ.
ಉಪ್ಪು ಕೇಳಿ ಸುಮ್ಮನಾದೆ.

ಇವತ್ತು ರಾತ್ರಿ ಪಾಳಿಯೂ ಹೊನ್ನೂರಮ್ಮನದೇ.
ಮೊಮ್ಮಗನ ಫೋಟೋ ತೋರಿಸಿ, ಹಾಸಿಗೆ ಕೊಡವಿ,
ಸೊಂಟಕ್ಕೆ ಸೆರಗು ಬಿಗಿದು ನಿಲ್ಲುತ್ತಾಳೆ.
"ಮಲಗಿಸ್ಲೇನಕ್ಕಾ?"

ಗಂಟೆ ಬಾರಿಸಿತು, ಗೇಟು ಬಿತ್ತು.
ತಡಿ, ಈ ಗೂಡ್ಸ್ ಹೋಗಲಿ.